ಅಂಗೈಗೆ ಕಟ್ಟಿದ ಚಪ್ಪರ

ಬೆಂಗಳೂರು, ಆಸ್ಪತ್ರೆಯ ಹೆಂಗಸರ ವಾರ್ಡು
12 ಜುಲೈ 2007

ಪ್ರೀತಿಯ ಅಕ್ಕ ಅಶ್ವತ್ಥಮ್ಮನಿಗೆ ತಂಗಿ ರಾಧಾಮಣಿ ಮಾಡುವ ನಮಸ್ಕಾರಗಳು.

'ನಾವೆಲ್ಲ ಇಲ್ಲಿ ಕ್ಷೇಮ' ಎಂದು ಶುರು ಮಾಡಿದೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ಗೌರಿಬಿದನೂರಿನಲ್ಲಿ ನೀನು, ಬಾವ, ಮಕ್ಕಳು ಚೆನ್ನಾಗಿದ್ದರೆ ಸಾಕು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೊಂಡಿರುತ್ತೀಯ. ಬೈಯಿ, ನಿನ್ನ ಕೈಲಿ ಬೈಸಿಕೊಂಡರೆ ನನಗೂ ಧೈರ್ಯ ಬರುತ್ತೆ. ಕಾಯಿನ್ ಫೋನಿನಲ್ಲಿ ಹೇಳೋಣವೆಂದು ಒಂದು ಸಲ ನಿಮ್ಮ ಪಕ್ಕದ ಮನೆಗೆ ಮಾಡಿದ್ದೆ. ನೀನು ಬಂದು 'ಹಲೋ' ಅಂದ ಕೂಡಲೇ ಅಳು ಒತ್ತರಿಸಿ ಬಂತು, ಇಟ್ಟುಬಿಟ್ಟೆ. ಯಾರೂ ಮಾತಾಡದೆ ಕಟ್ಟಾದ ಆ ಫೋನು ನನ್ನದೇ.

ನನ್ನ ಬಲಗೈ ಸುಟ್ಟಿದೆ ಅಕ್ಕ. ಗಾಬರಿಯಾಗಬೇಡ, ಬರೆಯುವ ಕೈ ನೆಟ್ಟಗಿದೆ. ನಾನು ಎಡಚಿ ಎಂದು ಅಮ್ಮ ಬಳಪ ಕಿತ್ತು ಬಲಗೈಗೆ ತುರುಕುವಾಗ 'ಬರ್ಕೊಳ್ಳಲಿ ಬಿಡಮ್ಮ, ಅನ್ನ ತಾನೇ ಬಲಗೈಲಿ ತಿನ್ಬೇಕು' ಎಂದು ನೀನು ಜಗಳ ಮಾಡುತ್ತಿದ್ದೆಯಲ್ಲ, ಅದು ಈಗ ಉಪಯೋಗಕ್ಕೆ ಬಂತು. ನಮ್ಮ ಅತ್ತೆಗೆ ಮಾತ್ರ ನನ್ನ ಎಡಗೈ ಕಂಡರೆ ಇವತ್ತಿಗೂ ಆಗದು. ಎಡಗೈಯಲ್ಲಿ ಮಗುವಿನ ತಲೆ ಮುಟ್ಟಿದರೆ ಏಳಿಗೆಯಾಗುವುದಿಲ್ಲವಂತೆ. ಮಗಳು ಜ್ಯೋತಿ ಹುಟ್ಟಿದಾಗಿನಿಂದ ಈ ನಾಲ್ಕು ವರ್ಷ ಅವಳ ತಲೆ ಬಾಚಿದ್ದು, ಹಣೆ ಒರೆಸಿದ್ದು, ತಟ್ಟಿ ಮಲಗಿಸಿದ್ದು ಎಲ್ಲ ಬಲಗೈಯಲ್ಲೇ.

ಹೇಗಾಯಿತು ಎಂದು ಕೇಳುತ್ತೀಯ. ಶಿಡ್ಲಘಟ್ಟದ ಫಿಲೇಚರ್ ನೆಲ ನಿನಗೆ ಗೊತ್ತಿಲ್ಲದ್ದಲ್ಲ, ಮದುವೆಗೆ ಮುಂಚೆ ನೀನೂ ಅಲ್ಲೇ ಗೂಡಿನಿಂದ ರೇಷ್ಮೆ ನೂಲು ತೆಗೆದವಳು. ಯಾವಾಗಲೂ ನೀರು, ಅಂಟು, ಜಾರು. ಬೆಂದ ಗೂಡು ತರಲೆಂದು ಎದ್ದೆ, ಕಾಲು ಜಾರಿತು. ಬೀಳುವವರು ಏನು ಸಿಕ್ಕರೂ ಹಿಡಿಯುತ್ತಾರಲ್ಲ, ನನಗೆ ಸಿಕ್ಕಿದ್ದು ಗೂಡು ಬೇಯಿಸುವ ಬಾಣಲೆ. ಕೈ ಒಳಗೇ ಹೋಯಿತು. ಬರೀ ನೀರಾಗಿದ್ದರೆ ಇಷ್ಟಾಗುತ್ತಿರಲಿಲ್ಲವಂತೆ. ಬೆಂದ ಗೂಡುಗಳು ಅಂಗೈಗೆ, ಬೆರಳುಗಳಿಗೆ ಕಚ್ಚಿಕೊಂಡವು, ಕೊಡವಿದರೂ ಬೀಳಲಿಲ್ಲ. ಪಕ್ಕದ ಬಿಸಿನೀರಿನ ಬೇಸಿನ್ನಿನಲ್ಲಿ ನೂಲು ತೆಗೆಯುತ್ತಿದ್ದ ಚಿಕ್ಕವೆಂಕಟಮ್ಮ ಕಿತ್ತಳು, ಚರ್ಮ ಅದರ ಜೊತೆಗೇ ಬಂತು. ನಾನು ಕೂಗಿಕೊಂಡಿದ್ದು ಬೀದಿಗೆಲ್ಲ ಕೇಳಿತಂತೆ. ಚಿಕ್ಕಬಳ್ಳಾಪುರದಲ್ಲಿ ಕಟ್ಟು ಹಾಕಿ ಇಲ್ಲಿಗೆ ಕಳಿಸಿದರು.

ಈಗ ಹೆದರಿಕೆ ಗಾಯದ್ದಲ್ಲ, ಡಾಕ್ಟರು ಹೇಳಿದ್ದರದ್ದು. ಡಾಕ್ಟರ್ ರವಿಚಂದ್ರ ಅಂತ, ಚಿಕ್ಕ ವಯಸ್ಸು, ಮಾತು ಮೆತ್ತಗೆ. ತೊಡೆಯ ಚರ್ಮ ಸುಲಿದು ಕೈಗೆ ಹಾಕುವುದು ಹಳೆಯ ದಾರಿಯಂತೆ. ಹೊಸದೊಂದನ್ನು ಕೆಲವರಿಗೆ ಮಾಡಿ ನೋಡುತ್ತಿದ್ದಾರಂತೆ, ಒಪ್ಪಿದವರಿಗೆ ಮಾತ್ರ. ರೇಷ್ಮೆ ಗೂಡನ್ನು ಸೋಡಾದಲ್ಲಿ ಕುದಿಸಿ ಅಂಟು ತೆಗೆದು, ನೂಲನ್ನೇ ನೀರಿನಂತೆ ಕರಗಿಸಿ, ಅದರಿಂದ ತೂತುತೂತಿನ ತೆಳ್ಳನೆ ಹಾಳೆ ಮಾಡುತ್ತಾರೆ. ನನ್ನ ತೊಡೆಯಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದು, ಅದರ ಜೀವಕಣಗಳನ್ನು ಆ ಹಾಳೆಯ ಮೇಲೆ ಬೆಳೆಸಿ, ಹಾಳೆ ಸಮೇತ ಅಂಗೈಗೆ ಹೊಲಿಯುತ್ತಾರೆ.

"ಹಾಗಲಬಳ್ಳಿಗೆ ಚಪ್ಪರ ಹಾಕಲ್ವೇನಮ್ಮಾ? ರೇಷ್ಮೆ ಚಪ್ಪರ, ನಿಮ್ಮ ಚರ್ಮ ಬಳ್ಳಿ. ಬಳ್ಳಿ ಹಬ್ಬಿದ ಮೇಲೆ ಚಪ್ಪರ ತಾನಾಗೇ ಕರಗಿಹೋಗುತ್ತೆ" ಅಂದರು.

"ಚಪ್ಪರ ಹೋದ್ರೆ ಬಳ್ಳೀನೂ ಬೀಳಲ್ವಾ ಸಾರ್?" ಅಂದೆ.

ಅವರು ನಕ್ಕು, "ಸರಿ, ತಾರಸಿಗೆ ಹೊಡೆಯೋ ಸೆಂಟ್ರಿಂಗ್ ಅಂದ್ಕೊಳ್ಳಿ. ತಾರಸಿ ಬಿಗಿಯಾದ ಮೇಲೆ ಹಲಗೆ ತೆಗೀತೀವಲ್ಲ" ಅಂದರು. ಹೊರದೇಶದಲ್ಲಿ ಇನ್ನೂ ಮುಂದೆ ಹೋಗಿ, ಇಂಕಿನ ಬದಲು ಜೀವಕಣ ತುಂಬಿ, ಪ್ರಿಂಟರಿನಲ್ಲಿ ಪದರ ಪದರವಾಗಿ ಚರ್ಮವನ್ನೇ ಅಚ್ಚು ಹಾಕಲು ನೋಡುತ್ತಿದ್ದಾರಂತೆ. ಮದುವೆ ಕಾರ್ಡು ಅಚ್ಚು ಹಾಕಿಸಿದ ಹಾಗೆ! ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಅತ್ತೆ ಇದನ್ನೆಲ್ಲ ಕೇಳಿ ಎದೆ ಬಡಿದುಕೊಂಡರು. ನಮ್ಮ ಅತ್ತೆ ಚಿಕ್ಕಮುನಿಯಮ್ಮ ಚಿಂತಾಮಣಿ ಕಡೆಯವರಲ್ಲವಾ, ಹೆದರಿದರೆ ತೆಲುಗೇ ಬರುವುದು. "ವದ್ದು ತಲ್ಲೀ, ವದ್ದು! ಬೇಡ ಕಣಮ್ಮ! ದಿನಾ ಸಾವಿರಾರು ಹುಳ ಬೇಯಿಸಿದ ಕೈ ಅದು. ಆ ಹುಳದ್ದೇ ಗೂಡು ತಂದು ಮೈಗೆ ಹೊಲಿಸ್ಕೊಳ್ತೀಯಾ? ಅದು ಸುಮ್ನೆ ಬಿಡುತ್ತಾ?" ಅಂದರು. ನಮ್ಮ ಮನೆಯವರು, ಗೊತ್ತಲ್ಲ ನಿನ್ನ ಮೈದುನ ಕನಕರಾಜ್, "ನಿನ್ನಿಷ್ಟ ಕಣೇ" ಎಂದು ಟೀ ಕುಡಿಯಲು ಹೋದರು. ಟೀ ಕುಡಿಯಲು ಹೋಗಿರಲಿಲ್ಲ, ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರೆಂದು ಆಯಾ ಹೇಳಿದಳು.

ಒಪ್ಪಿಕೊಂಡೆ ಅಕ್ಕ. ತೊಡೆಯ ಚರ್ಮ ಸುಲಿದು ಹಾಕಿದರೆ ಬೆರಳು ಬಿಗಿದು ಮಡಿಚಿಕೊಳ್ಳುವ ಸಂಭವ ಹೆಚ್ಚು, ಇದರಲ್ಲಿ ಕಡಿಮೆ ಇರಬಹುದು ಎಂದರು. ಜ್ಯೋತಿಗೆ ನನ್ನ ಬಲ ಅಂಗೈ ಕೆನ್ನೆಯ ಕೆಳಗಿಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಮಡಿಚಿಕೊಂಡ ಕೈಯನ್ನು ಕೆನ್ನೆಗೆ ಇಟ್ಟುಕೊಳ್ಳುವುದು ಹೇಗೆ? ಅಷ್ಟೇ ಯೋಚನೆ ಮಾಡಿ ಸಹಿ ಹಾಕಿದೆ.

ಈಗ ನನ್ನ ಮೈಯ ಚೂರು ಬೇರೆ ಯಾವುದೋ ಕೋಣೆಯಲ್ಲಿ, ಬೆಚ್ಚನೆ ಪೆಟ್ಟಿಗೆಯಲ್ಲಿ, ನಾನಿಲ್ಲದೆ ಬೆಳೆಯುತ್ತಿದೆ. ಊಟ ಮಾಡುವಾಗ ಅದರ ನೆನಪಾಗುತ್ತೆ. ಅದಕ್ಕೆ ಯಾರು ಏನು ಹಾಕುತ್ತಾರೋ. "ಕರೆಂಟ್ ಹೋದ್ರೆ ಏನ್ಮಾಡ್ತೀರಿ ಸಾರ್?" ಎಂದು ಕೇಳಿದೆ. ಜನರೇಟರ್ ಇದೆಯಂತೆ. ಅದೂ ಕೆಟ್ಟರೆ ಎಂದು ಕೇಳಲು ನಾಚಿಕೆಯಾಯಿತು. ಲೈಟು ಒಂದು ಸಲ ಮಿಣುಕಿದರೂ ಎದ್ದು ಕೂರುತ್ತೇನೆ.

ನನಗಾಗಿ ಒಂದು ದೀಪ ಹಚ್ಚಿಸು. ಹೊಲಿಯುವುದು ಮುಂದಿನ ವಾರ.

ನಿನ್ನ ತಂಗಿ
ರಾಧಾಮಣಿ


ಶಿಡ್ಲಘಟ್ಟ
20 ಸೆಪ್ಟೆಂಬರ್ 2007

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ಗೌರಿ ಹಬ್ಬಕ್ಕೆ ನೀನು ಕಳಿಸಿದ ಬಳೆ ಬಂತು. ಅಮ್ಮನಿದ್ದಿದ್ದರೆ ಮರೆಯುತ್ತಿದ್ದಳೋ ಏನೋ, ನೀನು ಮರೆಯುವುದಿಲ್ಲ. ಬಲಗೈಗೆ ಏರಿಸಲು ಹೆದರಿ ಅಷ್ಟನ್ನೂ ಎಡಗೈಗೇ ಹಾಕಿಕೊಂಡಿದ್ದೇನೆ, ಬಳೆಗಾರ್ತಿಯ ಹಾಗೆ ಕಾಣುತ್ತೇನೆ. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸು. ಒಳ್ಳೆಯ ಸುದ್ದಿಯನ್ನು ಬೇಗ ಬರೆದರೆ ಎಲ್ಲಿ ಕೆಟ್ಟುಬಿಡುತ್ತೋ ಎಂದು ಸುಮ್ಮನಿದ್ದೆ.

ಹೊಸ ಚರ್ಮ ಹಿಡಿಯಿತು ಅಕ್ಕ. ಕಟ್ಟು ಬಿಚ್ಚುವಾಗ ನಾನು ಕಣ್ಣು ತೆರೆಯಲೇ ಇಲ್ಲ. ಹತ್ತಿ ಎಳೆಯುವ ಸದ್ದು, ಕತ್ತರಿಯ ಸದ್ದು, ಆಮೇಲೆ ಸುತ್ತ ನಿಂತ ಡಾಕ್ಟರುಗಳ ಮೌನ. ಆ ಮೌನದಲ್ಲಿ ನಾನು ಸತ್ತು ಹುಟ್ಟಿದೆ. ಕೊಳೆತಿದೆ, ಕತ್ತರಿಸುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಡಾಕ್ಟರ್ ರವಿಚಂದ್ರ "ಸೂಪರ್! ಎಷ್ಟು ಚೆನ್ನಾಗಿದೆ ನೋಡಿ!" ಎಂದು ಕೂಗಿದರು. ಕಣ್ಣು ಬಿಟ್ಟೆ, ಕನಕರಾಜ್ ಮುಖ ಅರಳಿತ್ತು. ಅತ್ತೆ ಮಾತ್ರ ಸಿಡುಕಿ, "ಅಯ್ಯೋ, ಹಂಗೆಲ್ಲ ಅನ್ಬೇಡಿ ಸ್ವಾಮಿ" ಎಂದು ನೆಲಕ್ಕೆ ಉಗಿದ ಶಾಸ್ತ್ರ ಮಾಡಿದರು. ಅವರು ಹೇಳಿದ್ದು ಸರಿಯೇ. ಹುಳದ ಮನೆಯಲ್ಲಿ ಎಷ್ಟೇ ಒಳ್ಳೆಯ ಬೆಳೆಯಿದ್ದರೂ 'ಚೆನ್ನಾಗಿದೆ' ಎಂದು ಬಾಯಿಬಿಟ್ಟು ಹೇಳಬಾರದೆಂದು ನಮ್ಮಪ್ಪ ಹೊರಗಿನವರನ್ನು ಬಾಗಿಲಲ್ಲೇ ತಡೆಯುತ್ತಿದ್ದನಲ್ಲ. ನನಗೆ ಆ ಮಾತು ಕಿವಿಗೆ ಬಿದ್ದಾಗಿನಿಂದ ಸಮಾಧಾನವಿಲ್ಲ.

ಕೈ ನೋಡಿದರೆ ನಿನಗೂ ವಿಚಿತ್ರವೆನಿಸುತ್ತೆ. ಎಳೆಗೂಸಿನ ಕಾಲಿನಂತೆ ಗುಲಾಬಿ ಬಣ್ಣ, ನುಣುಪು. ರೇಖೆಗಳೇ ಇಲ್ಲ. ಬೆರಳು ಮುಕ್ಕಾಲು ಪಾಲು ಮಡಚುತ್ತೆ, ಬಿಚ್ಚುತ್ತೆ. ಆದರೆ ಡಾಕ್ಟರು ಕಣ್ಣು ಮುಚ್ಚಿಸಿ ಸೂಜಿ ಮುಟ್ಟಿಸಿ "ಇಲ್ಲಿ? ಇಲ್ಲಿ?" ಎಂದು ಕೇಳಿದಾಗ ಒಂದೂ ಗೊತ್ತಾಗಲಿಲ್ಲ.

"ಚರ್ಮ ಬೆಳೆಸೋದು ಕಲಿತಿದೀವಮ್ಮ, ನರ ಬೆಳೆಸೋದು ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ನಿಮ್ಮ ನರಗಳೇ ಮೆಲ್ಲಗೆ ಒಳಕ್ಕೆ ಬರಬೇಕು. ಬರಬಹುದು, ತಿಂಗಳುಗಟ್ಟಲೆ ಆಗಬಹುದು" ಅಂದರು.

"ಬರದೇನೂ ಇರಬಹುದಾ ಸಾರ್?"

ಅವರು ಸುಳ್ಳು ಹೇಳಲಿಲ್ಲ. "ಇರಬಹುದು" ಅಂದರು. ಅಲ್ಲಿಯವರೆಗೂ ಬಿಸಿನೀರು, ಒಲೆ, ಬೇಸಿನ್ ಏನೂ ಕೂಡದು, ಸುಟ್ಟರೆ ನಿಮಗೇ ತಿಳಿಯುವುದಿಲ್ಲ ಎಂದು ಎರಡೆರಡು ಸಲ ಹೇಳಿ ಕಳಿಸಿದರು.

ಊರಿಗೆ ಬಂದ ಮೇಲೆ ಫಿಲೇಚರಿಗೆ ಹೋಗಿದ್ದೆ, ಸುಮ್ಮನೆ ಎಲ್ಲರನ್ನೂ ನೋಡಿ ಬರೋಣವೆಂದು. ಮಾಲೀಕರು, ನಮ್ಮ ಸಾಹೇಬರು, ನನ್ನ ಬೇಸಿನ್ ಯಾರಿಗೂ ಕೊಡದೆ ಇಟ್ಟಿದ್ದಾರೆ, ಒಳ್ಳೆಯ ಮನುಷ್ಯ. ಹೆಂಗಸರೆಲ್ಲ ನೂಲು ಬಿಟ್ಟು ಸುತ್ತಿಕೊಂಡರು. ಬಿಸಿ, ತಣ್ಣಗೆ ಏನೂ ತಿಳಿಯುವುದಿಲ್ಲ ಎಂದು ನಾನು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರೆ, ಚಿಕ್ಕವೆಂಕಟಮ್ಮ ಏನೆಂದಳು ಗೊತ್ತಾ? "ಅಯ್ಯೋ ಅದೃಷ್ಟವಂತೆ! ಬಿಸಿ ತಾಗದ ಕೈ ಅಂದ್ರೆ ನಮ್ಗೆ ಇನ್ನೇನ್ ಬೇಕೇ? ನನ್ ಬೆರಳು ನೋಡು, ದಿನಾ ಬೆಂದು ಬೆಂದು ಹುಣ್ಣಾಗವೆ. ನಂಗೂ ಒಂದು ಜೊತೆ ಹೊಲಿಸ್ಕೊಡು ಅಂತ ನಿಮ್ ಡಾಕ್ಟ್ರಿಗೆ ಹೇಳು!"

ಎಲ್ಲರೂ ನಕ್ಕರು. ಒಬ್ಬೊಬ್ಬರೇ ಬಂದು ನನ್ನ ಅಂಗೈ ಮುಟ್ಟಿ, ಚಿವುಟಿ, "ಕೈ ಅಂದ್ರೆ ಇದು ಕಣೇ" ಅಂದರು. ನಾನೂ ನಕ್ಕೆ. ಚಿವುಟಿದ್ದು ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ.

ನಿಜ ಹೇಳಲಾ, ಬರುತ್ತಾ ದಾರಿಯಲ್ಲಿ ಅವಳು ಹೇಳಿದ್ದೇ ಸರಿಯೇನೋ ಅನ್ನಿಸಿತು. ನೀನು ನನಗೆ ನೂಲು ತೆಗೆಯಲು ಕಲಿಸುವಾಗ ಬಿಸಿಗೆ ಕೈ ಎಳೆದುಕೊಂಡರೆ ತಲೆಗೆ ಮೊಟಕುತ್ತಿದ್ದೆ, 'ಕೈ ಜಡ್ಡುಗಟ್ಟೋ ತನಕ ಅಳು, ಆಮೇಲೆ ರಾಣಿ' ಅನ್ನುತ್ತಿದ್ದೆ. ನಮ್ಮ ಕಸುಬಿನಲ್ಲಿ ಎಲ್ಲರೂ ಬೇಡುವುದು ಅದನ್ನೇ. ನನಗೆ ಅದು ಕೂತಲ್ಲೇ ಸಿಕ್ಕಿದೆ. ಮತ್ತೆ ನನಗೇಕೆ ಹೆದರಿಕೆ? ಜ್ಯೋತಿ ಮೊದಮೊದಲು ಈ ಕೈ ನೋಡಿ ಅಜ್ಜಿಯ ಸೆರಗಿನಲ್ಲಿ ಅಡಗಿದಳು, ಈಗ ಮತ್ತೆ ಎಳೆದುಕೊಂಡು ಕೆನ್ನೆ ಇಡುತ್ತಾಳೆ. ಅಷ್ಟಾದರೂ ಆಯಿತು.

ಬಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿನ್ನ
ರಾಧಾಮಣಿ


ಶಿಡ್ಲಘಟ್ಟ
9 ಡಿಸೆಂಬರ್ 2007

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ಈ ಸಲವೂ ತಡ. 'ನಿನ್ ಕಾಗದ ಕಾಯೋದ್ಕಿಂತ ಮಳೆ ಕಾಯೋದ್ ವಾಸಿ' ಎಂದು ನೀನು ಬರೆದಿದ್ದು ಓದಿ ನಗು ಬಂತು. ಸ್ವಲ್ಪ ದಿನದಿಂದ ಮನೆಯಲ್ಲಿ ಮನಸ್ಸು ಸರಿಯಿರಲಿಲ್ಲ, ಅದಕ್ಕೆ.

ನೀನು ಬೈಯುವ ಸುದ್ದಿಯನ್ನೇ ಮೊದಲು ಹೇಳಿಬಿಡುತ್ತೇನೆ. ಡಾಕ್ಟರು ಬೇಡವೆಂದರೂ ನಾನು ದೀಪಾವಳಿ ಆದ ಮೇಲೆ ಫಿಲೇಚರಿಗೆ ಹೋದೆ. ಯಾರೂ ಬಲವಂತ ಮಾಡಲಿಲ್ಲ. ಕನಕರಾಜ್‌ಗೆ ಗೂಡಿನ ಮಾರ್ಕೆಟ್ಟಿನಲ್ಲಿ ತೂಕದ ಕೆಲಸ ಗಟ್ಟಿಯಾಗಿದೆ, "ಮನೇಲಿರೇ" ಎಂದೇ ಹೇಳಿದರು. ಮನೆಯಲ್ಲಿ ಕೂತರೆ ನಾನು ಈ ಕೈಯನ್ನೇ ನೋಡುತ್ತಾ ಕೂರುತ್ತಿದ್ದೆ. ಹಾಳೆ ಒಳಗೊಳಗೇ ಕರಗುತ್ತಿದೆ ಎಂದಿದ್ದರಲ್ಲ, ಇವತ್ತು ಎಷ್ಟು ಕರಗಿತೋ, ಪೂರ್ತಿ ಕರಗಿದ ದಿನ ಗಾಯ ಮತ್ತೆ ಬಾಯಿ ಬಿಟ್ಟುಕೊಳ್ಳುತ್ತೋ ಎಂದು ಬೆಳಕಿಗೆ ಹಿಡಿದು ನೋಡುವುದೇ ಕೆಲಸವಾಗಿತ್ತು. ಬೇಸಿನ್ ಮುಂದೆ ಕೂತರೆ ಈ ಭಯ ಹೋಗುತ್ತೆ ಎಂದುಕೊಂಡೆ.

ಕೂತ ದಿನ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಕೈ ಅದ್ದಿದೆ. ಏನೂ ಇಲ್ಲ ಅಕ್ಕ, ಬೆರಳು ಸುಟ್ಟಾಗ ಅದ್ದಿಕೊಳ್ಳುವ ತಣ್ಣೀರಿನ ಬಟ್ಟಲು ಕೂಡ ಬೇಕಾಗಲಿಲ್ಲ. "ರಾಣಿ! ರಾಣಿ!" ಎಂದು ಚಿಕ್ಕವೆಂಕಟಮ್ಮ ಕೂಗಿದಳು. ಆದರೆ ಎಳೆಯ ತುದಿ ಸಿಗಲಿಲ್ಲ. ನೀರಿನೊಳಗೆ ಎಳೆ ಸಿಕ್ಕಿತೋ ಇಲ್ಲವೋ ಎಂದು ಕಣ್ಣಿಗೆ ಕಾಣುವುದಿಲ್ಲವಲ್ಲ, ಬೆರಳೇ ಹೇಳಬೇಕು. ನನ್ನ ಬೆರಳು ಏನೂ ಹೇಳಲಿಲ್ಲ. ಸಿಕ್ಕಿತೆಂದು ಎತ್ತಿದರೆ ಬರಿಗೈ. ಅವರು ನಗುತ್ತಾರೆಂದು ಬಿಡದೆ ಹುಡುಕುತ್ತಲೇ ಕೂತೆ. ಸ್ವಲ್ಪ ಹೊತ್ತಿಗೆ ಚಿಕ್ಕವೆಂಕಟಮ್ಮನೇ ಚಿಟ್ಟನೆ ಚೀರಿ ನನ್ನ ಮುಂಗೈ ಹಿಡಿದು ಎಳೆದಳು. ಅಂಗೈ ತುಂಬ ಬೊಬ್ಬೆ ಎದ್ದಿತ್ತು. ನೋಡಿದರೂ ನನಗೆ ನೋವಾಗಲಿಲ್ಲ, ಅವಳು ಅಳುತ್ತಿದ್ದಳು.

ಬೆಂಗಳೂರಿಗೆ ಓಡಿದೆವು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, 'ಚೆನ್ನಾಗಿದೆ' ಎಂದವರನ್ನೆಲ್ಲ ಮನಸ್ಸಿನಲ್ಲಿ ಬೈಯುತ್ತಿದ್ದೆ. ಡಾಕ್ಟರ್ ರವಿಚಂದ್ರ ಗದರಲಿಲ್ಲ, ಅದೇ ಕಷ್ಟವಾಯಿತು. ಮೇಲಿನ ಪದರವಷ್ಟೇ ಹೋಗಿದೆ, ಕೆಳಗಿನದು ಹಿಡಿದಿದೆ, ಬಚಾವಾದಿರಿ ಎಂದರು. ಮತ್ತೆ ಸೂಜಿ ಮುಟ್ಟಿಸಿದರು. ಹೆಬ್ಬೆರಳಿನ ಬುಡದ ಅಂಚಿನಲ್ಲಿ ಒಂದು ಕಡೆ ಮಾತ್ರ ಇರುವೆ ಹರಿದ ಹಾಗಾಯಿತು. ಅದು ನರ ಬರುತ್ತಿರುವ ಗುರುತಿರಬಹುದಂತೆ. ಅಂಗೈ ನಡುವೆ ಬರುತ್ತಾ ಎಂದರೆ, "ಕಾಯೋಣಮ್ಮ" ಅಂದರು. ಇನ್ನು ಬೇಸಿನ್ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ದೇವರ ಮುಂದೆ ಕರ್ಪೂರ ಹಚ್ಚಿ ಹೇಳಿದ್ದೇನೆ. ಸಾಹೇಬರು ಗೂಡು ಆರಿಸುವ ಕೆಲಸ ಕೊಡುತ್ತೇನೆಂದಿದ್ದಾರೆ. ಅದಕ್ಕೆ ಕಣ್ಣಿದ್ದರೆ ಸಾಕು.

ಇಲ್ಲಿ ಅವರೆಕಾಯಿ ಸುಗ್ಗಿ. ಹಿತಕಿದ ಬೇಳೆ ಸಾರೆಂದರೆ ನಿನಗೆ ಪ್ರಾಣ, ಬಾವ ಈ ಕಡೆ ಬಂದಾಗ ಅವರ ಕೈಲಿ ಒಂದು ಚೀಲ ಸೊಗಡಿನ ಕಾಯಿ ಕಳಿಸುತ್ತೇನೆ. ನಾನು ಹಿತಕಲು ಕೂತರೆ ಕಾಳು ಬೆರಳ ಸಂದಿಯಲ್ಲಿದೆಯೋ ಕೆಳಗೆ ಬಿತ್ತೋ ತಿಳಿಯದು. ಜ್ಯೋತಿ "ಬಿತ್ತಮ್ಮ, ಬಿತ್ತು" ಎಂದು ಆರಿಸಿಕೊಡುತ್ತಾಳೆ. ಅವಳು ಚೆನ್ನಾಗಿದ್ದಾಳೆ, ಸ್ವಲ್ಪ ಸೊರಗಿದ್ದಾಳೆ ಅಷ್ಟೇ. ಸಂಕ್ರಾಂತಿಗೆ ನೀನೇ ಬಂದುಬಿಡು, ಅವಳಿಗೂ ನನಗೂ ನಿನ್ನ ಮಡಿಲು ಬೇಕು.

ಬಾವನಿಗೆ ನಮಸ್ಕಾರ. ಮಕ್ಕಳಿಗೆ ದೇವರು ಆಯಸ್ಸು ಆರೋಗ್ಯ ಕೊಟ್ಟು ಕಾಪಾಡಲಿ. ನನ್ನ ತಲೆಯ ಮೇಲೆ ನಿನ್ನ ಕೈ ಯಾವತ್ತೂ ಇರಲಿ.

ನಿನ್ನ ಪ್ರೀತಿಯ
ರಾಧಾಮಣಿ

ಮರೆತ ಮಾತು: ಮರೆತಿಲ್ಲ ಅಕ್ಕ, ಬರೆಯಲು ಆಗಿರಲಿಲ್ಲ. ಕಾಗದಕ್ಕೆ ಅಂಟು ಹಚ್ಚುವಾಗ ಮತ್ತೆ ಬಿಚ್ಚಿದೆ.

ಹೋದ ಸೋಮವಾರ ಮಧ್ಯಾಹ್ನ ಜ್ಯೋತಿ ಆಟ ಬಿಟ್ಟು ಬಂದು ಮೂಲೆಯಲ್ಲಿ ಮಲಗಿದಳು. ಅತ್ತೆ ಮುದ್ದೆ ತೊಳಸುತ್ತಿದ್ದರು. "ಮಗು ಯಾಕೋ ಮಂಕಾಗಿದಾಳೆ, ಮೈ ಮುಟ್ಟಿ ನೋಡೇ" ಅಂದರು. ನಾನು ಎಂದಿನಂತೆ ಬಲಗೈ ಅವಳ ಹಣೆಯ ಮೇಲಿಟ್ಟೆ. ಬೊಬ್ಬೆಗೆ ಹಾಕಿದ್ದ ಕಟ್ಟು ಬಿಚ್ಚಿ ಎರಡು ದಿನವಾಗಿತ್ತು. ಯೋಚನೆಯೇ ಬರಲಿಲ್ಲ ಅಕ್ಕ, ಮಗುವಿನ ಹಣೆಗೆ ಹೋಗುವ ಕೈ ಅದೊಂದೇ. "ಏನಿಲ್ಲತ್ತೆ, ಬಿಸಿಯಿಲ್ಲ" ಅಂದೆ. ಚಳಿಗೆ ಮುದುರಿದ್ದಾಳೆಂದು ಕಂಬಳಿಯನ್ನೂ ಹೊದಿಸಿದೆ.

ದೀಪ ಹಚ್ಚುವ ಹೊತ್ತಿಗೆ ಕಂಬಳಿ ಅದುರುವುದು ಕಾಣಿಸಿತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ಹಲ್ಲು ಕಚ್ಚಿದ್ದಳು. ಕನಕರಾಜ್ ಎತ್ತಿಕೊಂಡು ಆಟೋಗೆ ಓಡಿದರು. ನರ್ಸಿಂಗ್ ಹೋಮಿನ ಡಾಕ್ಟರಮ್ಮ ತಣ್ಣೀರು ಬಟ್ಟೆ ಸುತ್ತುತ್ತಾ, "ಕೆಂಡದ ಹಾಗೆ ಸುಡ್ತಿದೆಯಲ್ಲಮ್ಮ ಮಗು, ಒಂದ್ಸಲ ಮುಟ್ಟೂ ನೋಡಲಿಲ್ವಾ?" ಅಂದರು. ಮುಟ್ಟಿದ್ದೆ ಅಕ್ಕ.

ಜ್ವರ ಇಳಿಯಿತು, ಈಗ ಆಡಿಕೊಂಡಿದ್ದಾಳೆ. ಮನೆಗೆ ಬಂದ ಮೇಲೆ ಅತ್ತೆ ಒಂದು ಮಾತೂ ಬೈಯಲಿಲ್ಲ. ನನ್ನ ಎಡಗೈ ಹಿಡಿದು, ತಾವೇ ಎಳೆದು ಮಗುವಿನ ತಲೆಯ ಮೇಲಿಟ್ಟರು. "ಇನ್ಮೇಲೆ ಇದ್ರಲ್ಲೇ ನೋಡು ತಲ್ಲೀ" ಅಂದರು. ಆಮೇಲೆ ಒಳಗೆ ಹೋಗಿ ತುಂಬ ಹೊತ್ತು ಅತ್ತರು.

ಆದರೆ ಜ್ಯೋತಿಗೆ ಯಾರು ಹೇಳಬೇಕು? ನಿನ್ನೆಯೂ ಬಲಗೈಯನ್ನೇ ಎಳೆದು ಕೆನ್ನೆಯ ಕೆಳಗೆ ಇಟ್ಟುಕೊಂಡು ಮಲಗಿದಳು. ನಾನು ಬಿಡಿಸಿಕೊಳ್ಳಲಿಲ್ಲ. ಒಂದು ಸಲ ನೋಡೇಬಿಡೋಣವೆಂದು ಕಣ್ಣು ಮುಚ್ಚಿದೆ. ಅಕ್ಕಾ, ಕಣ್ಣು ಮುಚ್ಚಿದರೆ ನನ್ನ ಕೈಯಲ್ಲಿ ಮಗಳಿಲ್ಲ ಕಣೇ.